ಒಂದೇ ಸಲ ಕೇಳುವವರ ಊಟ

ಮೊನ್ನೆ ಶನಿವಾರ ಇಲ್ಲಿ ಸಿಂಗಪುರದ ಸೆಂಗ್‌ಕಾಂಗಿನ ಮಾಲ್‌ನಲ್ಲಿ ಎಸ್ಕಲೇಟರ್ ಇಳಿಯುತ್ತಿದ್ದಾಗ ವಿನೆಗರ್ ವಾಸನೆ ಮೂಗಿಗೆ ಬಡಿಯಿತು. ಬಿಸಿ ಆಲೂಗಡ್ಡೆ ಚಿಪ್ಸಿನ ಮೇಲೆ ಸುರಿಯುತ್ತಾರಲ್ಲ, ಆ ಕಂದು ವಿನೆಗರ್. ನೋಡಿದರೆ ಅಲ್ಲೊಂದು 'ಇಂಗ್ಲಿಷ್ ಕಂಟ್ರಿ ಪಬ್' ಹೊಸದಾಗಿ ತೆರೆದಿತ್ತು. ಪ್ಲಾಸ್ಟಿಕ್ಕಿನ ತೊಲೆಗಳು, ಗೋಡೆಯಲ್ಲಿ ಬೆಂಕಿಯ ಚಿತ್ರ ಓಡಿಸುವ ಟೀವಿ. ಹೊರಗೆ ಬೆವರು ಸುರಿಯುವ ಊರಿನಲ್ಲಿ ಒಳಗೆ ಏಸಿ ಹಾಕಿಕೊಂಡು ಸುಳ್ಳು ಬೆಂಕಿ ಕಾಯಿಸಿಕೊಳ್ಳಲು ಜನ ಸಾಲುಗಟ್ಟಿದ್ದರು. ನಮ್ಮ ಯಜಮಾನರೂ ಹೋಗಿ ಆ ಸಾಲಿನಲ್ಲಿ ನಿಂತರು. ಅವರ ಹಿಂದೆ ನಾನು, ಮುಖ ಗಂಟು ಹಾಕಿಕೊಂಡು.

ಈ ಹೆಂಗಸಿಗೆ ಪಬ್ಬಿನ ಮೇಲೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಹೇಳುತ್ತೇನೆ. ಸಿಂಗಪುರಕ್ಕೆ ಬರುವ ಮೊದಲು ನಾವು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದೆವು. ಇವರು ಬಾಗಲಕೋಟೆಯವರು, ನಾನು ಗದಗಿನವಳು. ಇಬ್ಬರೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮಾಂಸವಿಲ್ಲ, ಮದ್ಯವಿಲ್ಲ. ಅಂಥವರಿಗೆ ಹಳ್ಳಿಹಳ್ಳಿಯ ಪಬ್ಬುಗಳಲ್ಲಿ ಏನು ಕೆಲಸ? "ಅವರ ಕಲ್ಚರ್ ನೋಡೂಣು, ನಡಿ," ಎನ್ನುತ್ತಿದ್ದರು ಇವರು. ಹೋಗಿ ಸೇಬಿನ ರಸ ಕುಡಿಯುತ್ತಿದ್ದರು.

ಮೊದಲ ಸಲ ಹೋದಾಗ ಮದುವೆಯ ಪಂಕ್ತಿಯಲ್ಲಿ ಕೂತಂತೆ ಗಂಭೀರವಾಗಿ ಕೂತೆವು. ಯಾರೂ ಬರಲಿಲ್ಲ. ನಮ್ಮ ನಂತರ ಬಂದವರು ಉಂಡು, ಬಾಯಿ ಒರೆಸಿಕೊಂಡು, ನಾಯಿ ಹಿಡಿದುಕೊಂಡು ಹೊರಟರು. "ಹೋಗಿ ಕೇಳ್ರಿ," ಅಂದೆ. "ನಾವ್ ಹೋಗಿ ಊಟಾ ಬೇಡೂದೇನು? ಅವರ ಬರ್ತಾರ, ತಡಿ." ಕೊನೆಗೆ ಮಾಲಕಿ ಟೇಬಲ್ ಒರೆಸುತ್ತಾ ಬಂದು, ಅಡಿಗೆಮನೆ ಮುಚ್ಚಿತಲ್ಲ, ನೀವೇಕೆ ಕೌಂಟರಿಗೆ ಬಂದು ಆರ್ಡರ್ ಕೊಡಲಿಲ್ಲ ಎಂದು ನಗುತ್ತಾ ವಿಚಾರಿಸಿದಳು. ಆ ದೇಶದಲ್ಲಿ ಹಸಿದವನೇ ಎದ್ದು ಹೋಗಿ ಹೇಳಬೇಕಂತೆ. ಮನೆಗೆ ಬಂದು ಅನ್ನ ಸಾರು ಮಾಡಿದೆ.

ಊಟ ಸಿಕ್ಕ ದಿನಗಳೇನೂ ಹೆಚ್ಚು ಸುಖದವಲ್ಲ. ಉಪ್ಪು ಕಾಣದ ಬೆಂದ ಬಟಾಣಿ, ಮುದ್ದೆ ಮಾಡಿದ ಆಲೂಗಡ್ಡೆ. ಸಸ್ಯಾಹಾರಿ ಎಂದರೆ ಯಾವ ಹಳ್ಳಿಗೆ ಹೋದರೂ ಅದೇ ಅಣಬೆಯ ಗಂಜಿ, ಮೇಲೆ ಒಂದೆಲೆ ಸೊಪ್ಪು. ಪೇಟೆಬೀದಿಯ 'ಇಂಡಿಯನ್' ರೆಸ್ಟೋರೆಂಟಿನವರು ಊಟಕ್ಕೆ ಮೊದಲೇ ಬರೀ ಹಪ್ಪಳ ತಂದಿಟ್ಟು ಮಾಯವಾಗುತ್ತಿದ್ದರು. ಆಮೇಲೆ ಬರುವ ಕುರ್ಮಾದಲ್ಲಿ ಸಕ್ಕರೆ, ದ್ರಾಕ್ಷಿ. ಅದನ್ನು ಪಾಯಸವೆಂದು ಕೊಟ್ಟಿದ್ದರೆ ಒಂದು ಮಾತು ಹೊಗಳುತ್ತಿದ್ದೆನೋ ಏನೋ.

ಆದರೂ ಸಹಿಸಿಕೊಂಡಿದ್ದೆ. ಕಾರಣ, ಊರಿನ ಲೈಬ್ರರಿ. ವಾರಕ್ಕೆರಡು ದಿನ ಮಕ್ಕಳಿಗೆ ಕತೆ ಓದಿ ಹೇಳುವ ಕೆಲಸ ಸಿಕ್ಕಿತ್ತು. ನನ್ನ ಗದಗಿನ ಇಂಗ್ಲಿಷಿಗೆ ಆ ಕೆಂಪು ಕೆನ್ನೆಯ ಮಕ್ಕಳು ಬಾಯಿ ತೆರೆದು ಕೂರುತ್ತಿದ್ದವು. ಸೆಪ್ಟೆಂಬರಿನಿಂದ ಕಾಯಂ ಮಾಡುತ್ತೇವೆ ಎಂದಿದ್ದರು. ಮದುವೆಯಾದ ಮೇಲೆ ನನ್ನದು ಅಂತ ಇದ್ದದ್ದು ಅದೊಂದೇ. ಇವರ ಕೆಲಸ ಮುಂದುವರಿದರೆ ವೀಸಾ, ವೀಸಾ ಇದ್ದರೆ ಲೈಬ್ರರಿ.

ಇವರ ಬಾಸ್ ನೈಜೆಲ್ ನಮ್ಮನ್ನು ಊಟಕ್ಕೆ ಕರೆದದ್ದು ಆಗ. ಮತ್ತೆಲ್ಲಿಗೆ, ಒಂದು ಹಳ್ಳಿ ಪಬ್ಬಿಗೆ. ಮಾಂಸ ತುಂಬಿದ ಪೈ ಕತ್ತರಿಸುತ್ತಾ ಕೇಳಿಯೇಬಿಟ್ಟ: "ಇನ್ನೆರಡು ವರ್ಷ ಇಲ್ಲೇ ಇರುತ್ತೀರಾ?" ನಾನು ಚಮಚ ಕೆಳಗಿಟ್ಟು ಇವರ ಕಡೆ ತಿರುಗಿದೆ. ಇವರು ಕೈಯಾಡಿಸಿ, "ಅಯ್ಯೋ ಬೇಡ ಬೇಡ, ನಮ್ಮಿಂದ ನಿಮಗೇಕೆ ತೊಂದರೆ," ಎಂದು ಇಂಗ್ಲಿಷಿನಲ್ಲಿ ಉಪಚಾರ ಮಾಡಿದರು. ನಮ್ಮ ಕಡೆ ನಿಮಗೆ ಗೊತ್ತಲ್ಲ: ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಅನ್ನಬೇಕು, ಬಡಿಸುವವರು ಕೈಯ ಸಂದಿನಲ್ಲೇ ಹಾಕಬೇಕು. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ. ನೈಜೆಲ್‌ಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಸರಿ ಹಾಗಾದರೆ," ಎಂದು ಪೈಗೆ ಗ್ರೇವಿ ಸುರಿದುಕೊಂಡ. ಇವರು ಐಸ್‌ಕ್ರೀಮ್ ಮುಗಿಯುವವರೆಗೂ ಅವನ ಬಾಯನ್ನೇ ನೋಡುತ್ತಾ ಕೂತಿದ್ದರು.

ಕಾರಿನಲ್ಲಿ, "ಇನ್ನೊಮ್ಮೆ ಕೇಳ್ತಾನಂತ ತಿಳ್ಕೊಂಡಿದ್ದೆ," ಅಂದರು.

"ಅಂವಾ ನಿಮ್ಮ ಬೀಗನೇನ್ರೀ?" ಅಂದೆ. ಮನೆ ಮುಟ್ಟುವವರೆಗೆ ಅಳುತ್ತಲೇ ಇದ್ದೆ.

ಜಾಗ ಬೇರೆಯವನಿಗೆ ಹೋಯಿತು, ನಾವು ಸಿಂಗಪುರಕ್ಕೆ ಶಿಫ್ಟ್ ಆದೆವು. ಇಲ್ಲಿ ನನ್ನದು ಗಂಡನ ಬೆನ್ನಿಗೆ ಬಂದವಳಿಗೆ ಕೊಡುವ ಡಿಪೆಂಡೆಂಟ್ ಪಾಸ್, ಹೆಸರೇ ಸಾಕು. ಎಷ್ಟೋ ಕಡೆ ಅರ್ಜಿ ಹಾಕಿದೆ, ಎಲ್ಲೂ ಕೆಲಸ ಹತ್ತಲಿಲ್ಲ. ಲಿಟಲ್ ಇಂಡಿಯಾದಲ್ಲಿ ಕನ್ನಡದವರು ದೋಸೆ ತಿನ್ನಲು ಸೇರಿದಾಗಲೆಲ್ಲ ಇಂಗ್ಲೆಂಡಿನ ಊಟವನ್ನು ಬೈದು ಎಲ್ಲರನ್ನೂ ನಗಿಸುತ್ತಿದ್ದೆ. ಉಡುಪಿಯ ಆಂಟಿಯೊಬ್ಬರು, "ಇನ್ನೊಂದ್ಸಲ ಹೇಳಿ, ಆ ಗಂಜಿ ಕತೆ," ಎಂದು ದುಂಬಾಲು ಬೀಳುತ್ತಿದ್ದರು. ಇವರು ಮಾತ್ರ ನಗುತ್ತಿರಲಿಲ್ಲ. ನನ್ನ ಸಿಟ್ಟು ಯಾವುದರ ಮೇಲೆ ಎಂದು ಅವರಿಗೆ ಗೊತ್ತಿತ್ತು.

ಮೊನ್ನೆ ಆ ಮಾಲಿನ ಪಬ್ಬಿನಲ್ಲಿ ಚಿಪ್ಸ್ ಬಂದ ಮೇಲೆ ಇವರು ಕೆಮ್ಮಿದರು. "ಆಫೀಸಿನ್ಯಾಗ ಕೇಳಾಕತ್ತಾರ. ಮತ್ತ ಇಂಗ್ಲೆಂಡಿಗೆ, ಮೂರ ವರ್ಷ. ನಿನ್ನ ಕೇಳಿ ಹೇಳ್ತೀನಿ ಅಂದೀನಿ. ಹೋಗೂಣೇನು?"

ಕೆಂಪು ಕೆನ್ನೆಯ ಮಕ್ಕಳೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದು ಕೂತವು. ಬಾಯಿ ಮಾತ್ರ ತಾನೇ ಹೇಳಿತು: "ಬ್ಯಾಡ್ರಿ, ಈ ವಯಸ್ಸಿನ್ಯಾಗ ಯಾಕ ಸುಮ್ನ."

"ಆತು ಬಿಡು," ಎಂದು ಅವರು ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ಯಜಮಾನರು ಕಲಿತುಬಿಟ್ಟಿದ್ದಾರೆ! ನಾನು ಅವರ ಬಾಯನ್ನೇ ನೋಡಿದೆ. ಒಂದು ಚಿಪ್ಸ್ ಒಳಗೆ ಹೋಯಿತು, ಇನ್ನೊಂದು ಹೋಯಿತು. ಅವರು ಇನ್ನೊಮ್ಮೆ ಕೇಳುವ ಲಕ್ಷಣ ಕಾಣಲಿಲ್ಲ. ಅವರ ಕೈಯಿಂದ ತಟ್ಟೆ ಕಿತ್ತುಕೊಂಡು, "ನನಗ ಹೋಗಬೇಕಾಗೇತ್ರೀ!" ಅಂದೆ, ಪಕ್ಕದ ಟೇಬಲ್ಲಿನ ಚೀನೀ ಕುಟುಂಬವೆಲ್ಲ ತಿರುಗಿ ನೋಡುವಷ್ಟು ಜೋರಾಗಿ.