ಟ್ಯಾಂಜಿಯರ್ ಕೋಟೆಯ ಕೆಳಗೆ ರೋಬರ್ಟ್

ವಿಲಾಯತಿಯ ವೆಂಬ್ಲಿಯಲ್ಲಿರುವ ಕನ್ನಡದ ಹಿರಿಯರನ್ನು ವರ್ಷಕ್ಕೊಮ್ಮೆ ಮೊರೊಕ್ಕೊದ ಟ್ಯಾಂಜಿಯರ್ ಬಂದರು ತೋರಿಸಲು ಕರೆದೊಯ್ಯುವ ರೋಬರ್ಟನ ಹೆಸರು ಮೊದಲು ಕಿವಿಗೆ ಬಿದ್ದ ದಿನ ತುಂಗಮ್ಮ, "ಈ ಮಂಡಿ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದು ನಕ್ಕುಬಿಟ್ಟಿದ್ದರು. ಹೋದ ಮೇಲೆ ತಿಳಿಯಿತು, ಉಡುಪಿಯ ಈ ಪುಣ್ಯಾತ್ಮ ಕಂಕುಳಲ್ಲಿ ಮಡಚುವ ಕುರ್ಚಿಯಿಲ್ಲದೆ ಚರ್ಚಿಗೂ ಹೋಗುವವನಲ್ಲ. ಒಂಟೆ ಎದುರಾದರೂ "ಕೂತ್ಕೊಳ್ಳಿ ಮಾರಾಯ್ರೆ" ಅನ್ನುವವನು. ಕೋಟೆ ಬಂತೆಂದರೆ ಗಟ್ಟಿಮುಟ್ಟಾದವರನ್ನೆಲ್ಲ ಮೇಲಕ್ಕೆ ಅಟ್ಟಿ, ಹತ್ತಲಾರದವರ ಜೊತೆ ಕೆಳಗೇ ಕೂತು ಕಿತ್ತಳೆ ಸುಲಿದು ಕೊಡುತ್ತ ಹರಟುವನು. ಅವನ ಪಕ್ಕದಲ್ಲಿ ಕೂತಾಗ ತಾವು ಯಾರಿಗಾದರೂ ಭಾರವೆಂದು ತುಂಗಮ್ಮನಿಗೆ ಅನ್ನಿಸಿದ್ದೇ ಇಲ್ಲ. ಮಂಡಿ ಆಪರೇಷನ್ ಆದ ಮೇಲೆ, ಹೋದ ಸಲ, ಅವರೂ ಕೋಟೆಯ ಮೆಟ್ಟಿಲಿಗೆ ಕಾಲಿಟ್ಟರು. ಇನ್ಯಾರೋ ಅಜ್ಜಿಗೆ ಕುರ್ಚಿ ಬಿಡಿಸುತ್ತಿದ್ದ ರೋಬರ್ಟ್ ಹಿಂದಿನಿಂದ ಕೂಗಿದ: "ಅಮ್ಮಾ, ಮೇಲಿಂದ ಸಮುದ್ರ ಹೇಗೆ ಕಾಣ್ತದೆ ಅಂತ ಬಂದು ಹೇಳಿ, ಆಯ್ತಾ? ಇಷ್ಟು ವರ್ಷ ಬಂದ್ರೂ ನಾನು ನೋಡಿದ್ದೇ ಇಲ್ಲ."