ಲೆಕ್ಕದ ಪ್ರಕಾರ ಸತ್ತಿದ್ದ ಹಾಯ್ಟ್

ನಮ್ಮ ಅಲಬಾಮದ ಆಫೀಸಿನಲ್ಲಿ ಹಾಯ್ಟ್ ಬರ್ಡೆಟ್ ಎಂಬ ಮುದುಕನ ಮೇಲೆ ಎಲ್ಲರಿಗೂ ಸಿಟ್ಟು. ತಪ್ಪು ಅವನದೇ. ಸಾಯಬೇಕಾಗಿತ್ತು, ಸತ್ತಿರಲಿಲ್ಲ.

ಸಿಡಿಮದ್ದಿನ ಗೋದಾಮು ಹಾರಿಹೋದರೆ ಎಷ್ಟು ದೂರದವರು ಉಳಿಯುತ್ತಾರೆ ಎಂದು ಹೇಳುವ ಕಂಪ್ಯೂಟರ್ ಲೆಕ್ಕವೊಂದು ನಮ್ಮಲ್ಲಿದೆ. ಹಳೆಯ ಅಪಘಾತಗಳನ್ನು ಅದಕ್ಕೆ ಉಣಿಸಿ, ಲೆಕ್ಕದಲ್ಲಿ ಸತ್ತವರೂ ನಿಜಕ್ಕೂ ಸತ್ತವರೂ ತಾಳೆಯಾಗುತ್ತಾರಾ ಎಂದು ನೋಡುವುದು ನನ್ನ ಕೆಲಸ. ತಾಳೆಯಾದ ದಿನ ಡೋನಟ್ ತರಿಸುತ್ತೇವೆ. ನಾಚಿಕೆಗೇಡು, ಆದರೂ ತಿನ್ನುತ್ತೇವೆ.

ಊರಿನ ಹಳೆಯ ಡೈನಮೈಟ್ ಕಾರ್ಖಾನೆ ಸಿಡಿದಾಗ ಪ್ಯಾಕಿಂಗ್ ಶೆಡ್ಡಿನ ಒಬ್ಬನೂ ಉಳಿಯಬಾರದು ಎನ್ನುತ್ತದೆ ಲೆಕ್ಕ. ಆಗ ಅಲ್ಲಿ ಕೆಲಸಕ್ಕಿದ್ದ ಹುಡುಗ ಹಾಯ್ಟ್ ಉಳಿದಿದ್ದ. ಅಷ್ಟೇ ಅಲ್ಲ, ಪ್ರತಿ ವರ್ಷ ಚರ್ಚಿನಲ್ಲಿ ಎದ್ದುನಿಂತು, ದೇವರೇ ನನ್ನನ್ನು ಶೆಡ್ಡಿನಿಂದ ಎತ್ತಿಕೊಂಡ ಎಂದು ಸಾಕ್ಷಿ ಹೇಳುತ್ತಿದ್ದ.

"ಒಬ್ಬ ಬದುಕಿದಾನೆ ಅಂದ್ರೆ ನಮ್ಮ ಲೆಕ್ಕ ಅತಿ ಬಿಗಿಯಾಯ್ತು. ಸಡಿಲ ಮಾಡು," ಎಂದ ನನ್ನ ಸಾಹೇಬ ಗೇದರ್. ಸಡಿಲ ಮಾಡಿದರೆ ಈಗಿನ ಕಾರ್ಖಾನೆ ಕಟ್ಟಲಿದ್ದ ಹೊಸ ಸಿಡಿಮದ್ದಿನ ಗೋದಾಮು ಅದರ ಕ್ಯಾಂಟೀನಿನ ಮಗ್ಗುಲಿಗೇ ಬರುತ್ತಿತ್ತು.

ಹಾಯ್ಟನ ಮನೆಗೆ ಹೋದೆ. "ತಾತ, ಆ ಹೊತ್ತಲ್ಲಿ ನಿಜವಾಗ್ಲೂ ಶೆಡ್ಡೊಳಗಿದ್ರಾ?"

"ದೇವರ ಲೆಕ್ಕ ನಿನ್ನ ಡಬ್ಬಕ್ಕೆ ತಿಳಿಯಲ್ಲ ಮಗಳೇ."

"ದೇವ್ರು ಎಲ್ಲರನ್ನೂ ಎತ್ಕೋತಾನಾ? ಆ ಕ್ಯಾಂಟೀನಲ್ಲಿ ಅಡುಗೆ ಮಾಡೋಳು ನಿಮ್ಮ ಮೊಮ್ಮಗಳು ಟ್ಯಾಮ್ರಾ."

ಅವನು ಬಾಗಿಲು ಹಾಕಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು.

ಊರು ಬಿಟ್ಟವರೆಲ್ಲ ವರ್ಷಕ್ಕೊಮ್ಮೆ ಮರಳಿ ಬಂದು ಚರ್ಚಿನಲ್ಲಿ ಸೇರುವ ಭಾನುವಾರ, ಪಾಸ್ಟರ್ ಎಂದಿನಂತೆ ಸಾಕ್ಷಿ ಹೇಳಲು ಹಾಯ್ಟನನ್ನು ಕರೆದರು. ಅವನು ಎದ್ದವನೇ ಮುಂದಿನ ಸಾಲಿನ ಒವಲೀನ್ ಅಜ್ಜಿಯತ್ತ ತಿರುಗಿದ. ಶೆಡ್ಡಿನ ಮೇಸ್ತ್ರಿಯಾಗಿದ್ದು ಅಂದು ಸತ್ತ ಎಲ್ಜಿ ಕ್ರಂಪ್ ಅವಳ ಅಪ್ಪ.

"ಒವಲೀನ್, ನಾನು ಶೆಡ್ಡಲ್ಲಿರ್ಲಿಲ್ಲ. ನಿಮ್ಮಪ್ಪನ ಬುತ್ತಿ ಕದ್ದು, ಹಳ್ಳದ ದಂಡೇಲಿ ಕೂತು ಕೋಳಿ ತಿಂತಿದ್ದೆ. ಆಮೇಲೆ ನಿಮ್ಮಮ್ಮ ಬಂದು, 'ಅವ್ರು ಊಟ ಮಾಡಿದ್ರಾ?' ಅಂತ ಕೇಳಿದ್ರು. 'ಮಾಡಿದ್ರಮ್ಮ, ನಾನು ಅಲ್ಲೇ ಪಕ್ಕದಲ್ಲಿದ್ದೆ' ಅಂದ್ಬಿಟ್ಟೆ. ಒಂದ್ಸಲ ಹಾಗಂದ್ಮೇಲೆ ಆ ಶೆಡ್ಡಿಂದ ಹೊರಗೆ ಬರೋಕೆ ಆಗ್ಲೇ ಇಲ್ಲ."

"ತಾಳೆಯಾಯ್ತು!" ಎಂದು ಹಿಂದಿನ ಸಾಲಿನಲ್ಲಿ ಗೇದರ್ ಎದ್ದು ನಿಂತೇಬಿಟ್ಟ. ಅವನ ಹೆಂಡತಿ ಕೋಟು ಹಿಡಿದೆಳೆದು ಕೂರಿಸಿದಳು. ಹೊಸ ಗೋದಾಮಿನ ಜಾಗ ಕ್ಯಾಂಟೀನಿನಿಂದ ದೂರ ಸರಿದದ್ದು ಆ ಗಳಿಗೆಯಲ್ಲೇ. ನನಗೂ ಕುಣಿಯುವಷ್ಟು ಖುಷಿ.

ಒವಲೀನ್ ಅಜ್ಜಿ ಹಾಯ್ಟನ ಮುಖದಿಂದ ಕಣ್ಣು ಕಿತ್ತಿರಲಿಲ್ಲ.

"ಕೋಳಿ ಹೇಗಿತ್ತು?"

"ಉಪ್ಪು ಸ್ವಲ್ಪ ಜಾಸ್ತಿ."

"ಅಮ್ಮ ಯಾವಾಗ್ಲೂ ಹಾಗೇ ಮಾಡೋಳು," ಎಂದು ಅವಳು ನಕ್ಕಳು. ಆಮೇಲೆ ನಗು ನಿಂತಿತು. "ಹಾಗಾದ್ರೆ ಅಪ್ಪ ಹಸ್ಕೊಂಡೇ ಹೋದ್ರು."

ಹಾಯ್ಟ್ ಹೂಂ ಎಂದ.