ಅಗಸೂರಿನ ಇಶಾಡು ಮರ

ಕಾರವಾರದಿಂದ ಹುಬ್ಬಳ್ಳಿಗೆ ಹೊರಟ ನಮ್ಮ ಬಸ್ಸು ಅಂಕೋಲಾ ದಾಟಿ ಅಗಸೂರಿನಲ್ಲಿ ನಿಂತುಬಿಟ್ಟಿತು. ಎದುರಿಗೆ ಗಾಳಿಯಂತ್ರದ ಒಂದೇ ಒಂದು ರೆಕ್ಕೆ ಹೊತ್ತ ಲಾರಿ. ಇಳಿದು ಅದರ ಪಕ್ಕ ನಡೆದೆ. ನಡೆದಷ್ಟೂ ರೆಕ್ಕೆ ಮುಗಿಯಲೊಲ್ಲದು. ಗದಗಿನ ಗುಡ್ಡದ ಹಳೇ ಯಂತ್ರಗಳನ್ನು ಇಳಿಸಿ ಇಂಥವನ್ನು ಏರಿಸುತ್ತಾರಂತೆ.

ರಸ್ತೆಗೆ ಚಾಚಿದ ಮಾವಿನ ಕೊಂಬೆ ಅಡ್ಡವಾಗಿತ್ತು. ಲಾರಿಯವನು ಕೊಡಲಿ ಹಿಡಿದು ಬಂದ. ಪಕ್ಕದ ಮನೆಯ ಹೆಂಗಸು ಓಡಿಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು.

"ಇಶಾಡು ಮಾವು ಬಿಟ್ಟದೆ, ಕಾಣುದಿಲ್ವಾ? ಕಡಿಯುಕೆ ಬಿಡುದಿಲ್ಲ. ಹಳೇ ರೆಕ್ಕೆ ಇದೇ ರಸ್ತೆಲಿ ಹೋದಾಗ ಈ ಮರ ನನ್ನ ಸೊಂಟದಷ್ಟಿತ್ತು."

ನಮ್ಮ ಬಸ್ಸಿನಲ್ಲಿ ಕಾರವಾರದ ಮೀನುಗಾರರ ಮದುವೆ ದಿಬ್ಬಣವಿತ್ತು. ಅವರಲ್ಲೊಬ್ಬ ಹಿರಿಯ ಜರಿ ಶಾಲನ್ನು ಸೊಂಟಕ್ಕೆ ಬಿಗಿದ. "ಹಗ್ಗ ಕೊಡ್ರಾ. ರಾಂಪಣಿ ಬಲೆ ಎಳ್ದ ಕೈ ಇದು."

ಕೊಂಬೆಗೆ ಹಗ್ಗ ಬಿತ್ತು. ರೇಷ್ಮೆ ಸೀರೆಯ ಹೆಂಗಸರೂ ಸಾಲಿಗೆ ನಿಂತರು. ಹಿರಿಯ ಕೂಗು ಹಾಕಿದಾಗೆಲ್ಲ, ದಡದಲ್ಲಿ ಬಲೆ ಎಳೆಯುವ ಹಾಗೆ, ಎಲ್ಲರೂ ಹಿಂದಕ್ಕೆ ವಾಲಿ ಎಳೆದರು. ಕೊಂಬೆ ನಿಧಾನವಾಗಿ ಪಕ್ಕಕ್ಕೆ ಸರಿಯಿತು. ಆ ಸಂದಿಯಲ್ಲಿ ಬಿಳಿ ರೆಕ್ಕೆ ಸದ್ದಿಲ್ಲದೆ ಹಾದುಹೋಗತೊಡಗಿತು, ತಿಮಿಂಗಿಲವೊಂದು ಊರೊಳಗೆ ಈಜಿದಂತೆ. ನಾನೂ ಹಗ್ಗ ಹಿಡಿದಿದ್ದೆ.

ಒಂದೆರಡು ಕಾಯಿ ಉದುರಿದವು, ಅಷ್ಟೇ.

"ಇದು ಹಳತಾದ್ಮೇಲೆ ಇನ್ನೂ ದೊಡ್ಡದು ತರ್ತೇವೆ, ಅಮ್ಮಾ," ಎಂದು ಲಾರಿಯವನು ನಕ್ಕ.

ಆ ಮನೆಯ ಹೆಂಗಸು ಉದುರಿದ ಕಾಯಿಗಳನ್ನು ಆರಿಸಿ ಅವನ ಕೈಗಿಟ್ಟರು. "ತನ್ನಿ. ಕೊಡ್ಲಿ ಬ್ಯಾಡ, ಜನ ಕರ್ಕಂಡು ಬನ್ನಿ."